ಎರಡು ಚಮಚ ಕಫ

ಹಾಸಿಗೆ ಕಾರ್ಖಾನೆಯ ಗುಮಾಸ್ತನ ಗಂಟಲಲ್ಲಿ ಮೂರು ತಿಂಗಳಿಂದ ಕಫ ಬಿಡಾರ ಹೂಡಿತ್ತು. ಹೊರಗೂ ಬರುತ್ತಿರಲಿಲ್ಲ, ಒಳಗೂ ಹೋಗುತ್ತಿರಲಿಲ್ಲ. ಆಗಾಗ "ಘ್ರ್ಹೂಂ" ಎಂದು ಹಾಜರಿ ಹಾಕುತ್ತಿತ್ತು, ಅಷ್ಟೆ.

ಆವತ್ತು ಬೆಳಿಗ್ಗೆ ಸಭೆಯಲ್ಲಿ ಮ್ಯಾನೇಜರು, "ಈ ಕಾರ್ಖಾನೇನ ನಾನು ಬೆವರು ಸುರಿಸಿ ಕಟ್ಟಿದೀನಿ" ಎಂದರು. ಕಟ್ಟಿದ್ದು ಅವರ ಮಾವ. ಇವರ ಬೆವರನ್ನು ಇದುವರೆಗೆ ಯಾರೂ ಕಂಡಿಲ್ಲ.

"ಘ್ರ್ಹೂಂ" ಎಂದಿತು ಗುಮಾಸ್ತನ ಗಂಟಲು.

ಹೊಲಿಗೆ ವಿಭಾಗದ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದರು. ಮ್ಯಾನೇಜರು ಅವನನ್ನು ಕೋಣೆಗೆ ಕರೆಸಿಕೊಂಡರು.

"ಏನ್ರೀ ಅದು, ಅಂಟುರೋಗನಾ? ಕಫ ಪರೀಕ್ಷೆ ಮಾಡ್ಸಿ. ಏನೂ ಇಲ್ಲ ಅಂತ ಸಂಜೆ ಒಳಗೆ ಕಾಗದ ತನ್ನಿ. ಇಲ್ಲಾಂದ್ರೆ ನಾಳೆಯಿಂದ ಅರಳೆ ಕೋಣೆ."

ಅರಳೆ ಕೋಣೆಗೆ ಕಿಟಕಿ ಇರಲಿಲ್ಲ. ಬೆಳಿಗ್ಗೆ ಒಳಗೆ ಹೋದವರು ಸಂಜೆ ಹೊರಬರುವಾಗ ತಲೆಗೂ ಮೀಸೆಗೂ ಹತ್ತಿಯ ಧೂಳು ಮೆತ್ತಿ ತಮ್ಮದೇ ತಾತನ ಹಾಗೆ ಕಾಣುತ್ತಿದ್ದರು.

ಪರೀಕ್ಷಾಲಯದ ಹೆಂಗಸು ಅವನು ಉಗಿದುಕೊಟ್ಟ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದು ಎಂಜಲು. ಲಕೋಟೆ ಅಂಟಿಸೋಕೆ ಆಗುತ್ತೆ. ನಂಗೆ ಎರಡು ಚಮಚ ಕಫ ಬೇಕು. ಮಧ್ಯಾಹ್ನ ಒಂದು ಗಂಟೆ ಒಳಗೆ ತಂದ್ರೆ ಸಂಜೆಗೆ ವರದಿ."

"ಮೂರು ತಿಂಗಳಿಂದ ಇತ್ತು ಮೇಡಂ. ಇವತ್ತು ಕರೆದ್ರೆ ಬರ್ತಿಲ್ಲ."

"ಉಸಿರುನಾಳದ ಗೋಡೆಯಲ್ಲಿ ಸಣ್ಣ ಸಣ್ಣ ಗ್ರಂಥಿ ಇರ್ತವೆ. ಲೋಳೇನ ಅದುಮಿ ತುಂಬಿಟ್ಕೊಂಡಿರ್ತವೆ. ಹೊಗೆನೋ ಧೂಳೋ ತಾಗಿದ್ರೆ ಬಾಯಿ ಬಿಡ್ತವೆ. ಹೊರಗೆ ಬಿದ್ದ ಲೋಳೆ ನೀರು ಹೀರ್ಕೊಂಡು ಉಬ್ಬುತ್ತೆ."

"ನಮ್ಮ ಹತ್ತಿ ಮೂಟೆ ಥರ. ಕಟ್ಟು ಬಿಚ್ಚಿದ್ರೆ ರೂಮು ತುಂಬುತ್ತೆ."

"ಹಾಗೇ. ಆದ್ರೆ ಗ್ರಂಥಿ ಯಾರ ಮಾತೂ ಕೇಳಲ್ಲ."

ಮನೆಗೆ ಓಡಿದ. ಹೆಂಡತಿ ಬಿಸಿನೀರಿನ ಪಾತ್ರೆಯ ಮೇಲೆ ಅವನ ತಲೆ ಬಗ್ಗಿಸಿ ಕಂಬಳಿ ಹೊದಿಸಿದಳು. ಮುಖ ಬೆಂದಿತು, ಕಫ ಬರಲಿಲ್ಲ. ಪಕ್ಕದ ಮನೆಯ ವ್ಯಾಯಾಮದ ಮೇಷ್ಟ್ರು ಬಂದು ಬೆನ್ನಿಗೆ ಗುದ್ದಿದರು. ಅಂಗಿಯ ಗುಂಡಿ ಬಂತು, ಕಫ ಬರಲಿಲ್ಲ.

ಮೇಲಿನ ಮನೆಯ ಅಜ್ಜಿ ಮೆಟ್ಟಿಲಿಳಿದು ಬಂದು, "ಸರೀರೋ, ನಿಮಗ್ಯಾರಿಗೂ ಬುದ್ಧಿ ಇಲ್ಲ" ಎಂದು ಒಂದು ಹಿಡಿ ಒಣಮೆಣಸಿನಕಾಯಿಯನ್ನು ಕೆಂಡಕ್ಕೆ ಸುರಿದರು.

ಅಜ್ಜಿ ಕೆಮ್ಮಿದರು. ಹೆಂಡತಿ ಕೆಮ್ಮಿದಳು. ಮೇಷ್ಟ್ರು ಕೆಮ್ಮಿ ಕೆಮ್ಮಿ ಕುಕ್ಕರಗಾಲಲ್ಲಿ ಕೂತರು. ಆಗತಾನೇ ಬಂದ ಅಂಚೆಯವನು ಕಾಗದವನ್ನು ಹೊಸ್ತಿಲಲ್ಲಿ ಎಸೆದು ಕೆಮ್ಮುತ್ತಾ ಓಡಿದ. ಗುಮಾಸ್ತನಿಗೆ ಬಂದದ್ದು ಕಣ್ಣೀರು ಮಾತ್ರ.

"ಬೀದಿಗೆಲ್ಲ ಬಂತು, ನಿಮಗೊಬ್ಬರಿಗೆ ಬರಲಿಲ್ಲ" ಎಂದಳು ಹೆಂಡತಿ. "ಯಾವ ಕೆಲಸ ನೆಟ್ಟಗೆ ಮಾಡಿದೀರಿ ಹೇಳಿ."

ಮೇಷ್ಟ್ರು ಗಂಟಲು ಕೆರೆದುಕೊಂಡು, "ನಂದೇ ತಗೊಂಡ್ಹೋಗಿ. ಒಳ್ಳೆ ಮಾಲು" ಎಂದರು.

ಗುಮಾಸ್ತ ಖಾಲಿ ಡಬ್ಬಿಯನ್ನು ಎದೆಗೆ ಅವಚಿಕೊಂಡು ಹೊರಟ. ಹನ್ನೆರಡೂವರೆಯಾಗಿತ್ತು. ಇನ್ನೊಂದೇ ಜಾಗ ಉಳಿದಿತ್ತು. ಯಾವ ಕೋಣೆ ತಪ್ಪಿಸಿಕೊಳ್ಳಲು ಇಷ್ಟೆಲ್ಲ ಪಾಡು ಪಡುತ್ತಿದ್ದನೋ ಅದೇ ಅರಳೆ ಕೋಣೆಗೆ ತಾನಾಗಿ ಹೋಗಿ, ಬಾಯಿ ತೆರೆದು ನಿಂತ. ಐದು ನಿಮಿಷಕ್ಕೆ ಗ್ರಂಥಿಗಳು ಕಟ್ಟು ಬಿಚ್ಚಿದವು. ಡಬ್ಬಿಯ ಮುಚ್ಚಳ ಹಾಕಲು ಕಷ್ಟವಾಯಿತು.

ಐದು ಗಂಟೆಗೆ ವರದಿ ಬಂತು: ಕಫದಲ್ಲಿ ಯಾವ ದೋಷವೂ ಇಲ್ಲ. ಅವನು ಮಗುವಿನ ಅಂಕಪಟ್ಟಿಯ ಹಾಗೆ ಅದನ್ನು ಮ್ಯಾನೇಜರ ಮೇಜಿನ ಮೇಲೆ ಬಿಡಿಸಿಟ್ಟ. ಅವರು ಎರಡು ಸಲ ಓದಿದರು.

"ಕಾಯಿಲೆ ಇಲ್ಲ?"

"ಒಂಚೂರೂ ಇಲ್ಲ ಸಾರ್."

"ಕಾಯಿಲೆ ಇಲ್ಲ. ಆದ್ರೂ ನಾನು ಬಾಯಿ ಬಿಟ್ಟಾಗೆಲ್ಲ ಘ್ರ್ಹೂಂ. ಪಾಪ, ರೋಗಿಷ್ಠ ಅಂತ ಮೂರು ತಿಂಗಳು ಸುಮ್ನಿದ್ದೆ ಕಣ್ರೀ. ಬೇಕೂಂತ ಮಾಡ್ತಿದ್ರಿ!"

"ಅಯ್ಯೋ ಸಾರ್, ಗ್ರಂಥಿ ಯಾರ ಮಾತೂ ಕೇಳಲ್ಲ..."

"ನಾನು ಬೆವರು ಸುರಿಸಿ ಕಟ್ಟಿದ ಕಾರ್ಖಾನೇಲಿ ನನ್ನ ಮಾತು ಕೇಳದೆ ಇರೋ ಗ್ರಂಥಿ ಯಾವುದ್ರೀ?"

ಗುಮಾಸ್ತ ಉತ್ತರಿಸಲು ಬಾಯಿ ತೆರೆದ. ಬೆಳಿಗ್ಗೆಯೆಲ್ಲ ಗೋಗರೆದರೂ ಬಾರದಿದ್ದದ್ದು ಈಗ ಕರೆಯದೇ ಬಂತು.

"ಘ್ರ್ಹೂಂ."

ಬಾಗಿಲಾಚೆ ಹೊಲಿಗೆಯ ಹೆಂಗಸರು ಚಪ್ಪಾಳೆ ತಟ್ಟಿದರು. ಇಡೀ ಕಾರ್ಖಾನೆಯಲ್ಲಿ ಗಂಡೆದೆ ಇರುವವನು ಇವನೊಬ್ಬನೇ ಎಂದು ಆವತ್ತೇ ತೀರ್ಮಾನವಾಯಿತು. ಮರುದಿನ ಅವರೆಲ್ಲ ಅರಳೆ ಕೋಣೆಯ ಬಾಗಿಲವರೆಗೂ ಬಂದು ಅವನನ್ನು ಬೀಳ್ಕೊಟ್ಟರು.