ಮಾವಿನ ಪೆಟ್ಟಿಗೆಯ ರೆಕ್ಕೆಗಳು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಈ ಸಲ ನಮ್ಮ ತೋಟದ ಬಾದಾಮಿ ಮಾವೆಲ್ಲ ಹುಳಿಯಾಗಲಿ. ಶ್ರೀನಿವಾಸಪುರದಲ್ಲಿ ಸ್ವಂತ ಕೈಯಿಂದ ಡ್ರೋನ್ ಕಟ್ಟಿದ ಮೊದಲ ಗಂಡಸು ನಾನು. ಅಂಥವನಿಗೆ ಇಂಥವು ಆಗುತ್ತಲೇ ಇರುತ್ತವೆ. ಮಗಳ ನಿಶ್ಚಿತಾರ್ಥ ಗೊತ್ತಾದಾಗ, ವಿಡಿಯೊದವನು ಯಾಕೆ, ಆಕಾಶದಿಂದ ನಾನೇ ತೆಗೀತೀನಿ ಅಂತ ರಾಯಲ್ಪಾಡಿನ ಬೀಗರಿಗೆ ಮಾತು ಕೊಟ್ಟುಬಿಟ್ಟೆ. ಮೋಟರು, ಕ್ಯಾಮೆರಾ ಅಂಗಡಿಯವು. ರೆಕ್ಕೆ ಮಾತ್ರ ನಾನೇ ಕೆತ್ತಬೇಕು ಅಂತ ಹಟ. ಹಾರದಿದ್ದರೆ ಬೀಗರ ಮುಂದೆ ಜನ್ಮದಲ್ಲಿ ತಲೆಯೆತ್ತುವ ಹಾಗಿರಲಿಲ್ಲ.

೧. ಅಚ್ಚಿಗೆ ಅಚ್ಚು

ಮಾವು ತುಂಬುವ ಪೆಟ್ಟಿಗೆಯ ಹಲಗೆ ಸೀಳಿ ನಾಲ್ಕು ರೆಕ್ಕೆ ಕೆತ್ತಿದೆ. ಒಂದರ ಮೇಲೊಂದಿಟ್ಟರೆ ಕೂದಲಷ್ಟೂ ವ್ಯತ್ಯಾಸವಿಲ್ಲ. ಎಡವಟ್ಟಾದದ್ದೇ ಅಲ್ಲಿ. ಎರಡು ಬಲಕ್ಕೆ, ಎರಡು ಎಡಕ್ಕೆ ತಿರುಗುವಂತೆ ಕೆತ್ತಬೇಕು. ನಾಲ್ಕೂ ಒಂದೇ ಕಡೆ ತಿರುಗಿದರೆ ಡ್ರೋನೇ ಬುಗುರಿಯಾಗುತ್ತೆ. ನಮ್ಮದು ಅಂಗಳದಲ್ಲಿ ಗಿರಗಿರ ಸುತ್ತಿ, ಒಣಹಾಕಿದ್ದ ರಾಗಿಯನ್ನೆಲ್ಲ ಕಾಂಪೌಂಡಿನಾಚೆ ತೂರಿತು. ಗೋಡೆಯಾಚೆಯಿಂದ ತಲೆತುಂಬ ರಾಗಿ ಹೊತ್ತು ಬಂದ ನನ್ನ ಬಾಮೈದ ಕೇಳಿದ: "ಗಿರಣಿ ಓಪನಿಂಗ್ ಯಾವತ್ತು ಬಾವಾ?"

೨. ಸಮತೂಕ

ರೆಕ್ಕೆಯ ಎರಡು ತುದಿಯೂ ಒಂದೇ ತೂಕ ಇರಬೇಕು. ನಡುವಿನ ತೂತಿಗೆ ಸೂಜಿ ತೂರಿಸಿ, ಸೂಜಿಯನ್ನು ಎರಡು ಲೋಟಗಳ ಮೇಲಿಟ್ಟೆ. ಎಡ ತುದಿ ವಾಲಿತು. ಅದಕ್ಕೆ ಉಪ್ಪುಕಾಗದ ಹಾಕಿ ಉಜ್ಜಿದೆ. ಬಲ ವಾಲಿತು. ಅದನ್ನೂ ಉಜ್ಜಿದೆ. ಮತ್ತೆ ಎಡ. ಸಂಜೆ ಹೊತ್ತಿಗೆ ಚಿನ್ನದಂಗಡಿ ತಕ್ಕಡಿಯೂ ನಾಚಬೇಕು, ಅಷ್ಟು ಸಮ. ಹೆಂಡತಿ ಎತ್ತಿ ನೋಡಿದಳು. "ನಿಶ್ಚಿತಾರ್ಥಕ್ಕೆ ಐಸ್‌ಕ್ರೀಮ್ ಇಡಿಸೋಣ ಕಣ್ರೀ. ಹೇಗೂ ಚಮಚ ರೆಡಿಯಾಯ್ತಲ್ಲ."

೩. ಕುಂಕುಮ

ಹೊಸ ರೆಕ್ಕೆ ಕೆತ್ತಿದೆ. ನಿಶ್ಚಿತಾರ್ಥದ ಹಿಂದಿನ ದಿನ ಡ್ರೋನು ತೆಂಗಿನಮರದ ಎತ್ತರ ಹಾರಿತು. ಬೆಳಗ್ಗೆ ಎದ್ದು ನೋಡಿದರೆ, ಹೊಸ ಗಾಡಿಗೆ ಮಾಡುವ ಹಾಗೆ ಹೆಂಡತಿ ಅದಕ್ಕೆ ಪೂಜೆ ಮಾಡಿದ್ದಾಳೆ. ಒಂದೊಂದು ರೆಕ್ಕೆಯ ಒಂದೊಂದೇ ತುದಿಗೆ ಅರಿಶಿನ ಕುಂಕುಮ, ನೀರಲ್ಲಿ ಕಲಸಿ, ವಡೆಯಷ್ಟು ದಪ್ಪಗೆ.

ಅಷ್ಟರಲ್ಲಿ ಬೀಗರು ಬಂದು ಚಪ್ಪರದಡಿ ಕೂತಾಗಿತ್ತು. ಗುಂಡಿ ಒತ್ತಿದೆ. ಡ್ರೋನು ಚಳಿಜ್ವರ ಬಂದಂತೆ ನಡುಗಿ, ಕುಂಟುತ್ತಾ ಹೋಗಿ ಬೀಗಿತ್ತಿಯ ಕಾಲಬುಡದಲ್ಲಿ ನಿಂತಿತು. ಒರೆಸೋಣ ಅಂತ ಪಂಚೆಯ ತುದಿ ಹಿಡಿದೆ.

"ಶುಭದ ದಿನ ಕುಂಕುಮ ಅಳಿಸ್ತೀರಾ?" ಅಂದಳು ಹೆಂಡತಿ. ಬೀಗಿತ್ತಿಯೂ ಕೆನ್ನೆ ಕೆನ್ನೆ ಬಡಿದುಕೊಂಡರು. ಪಂಚೆ ಬಿಟ್ಟೆ.

ಬೀಗರು ಮೀಸೆಯೊಳಗೇ ನಗುತ್ತಾ, "ಏಂ ಬಾವಗಾರೂ, ಎಗರದಾ?" ಅಂದರು. ಹಾರಲ್ವಾ ಅಂತ.

ಮುಖ ತೊಳೆದು ಬರ್ತೀನಿ ಅಂತ ಒಳಗೆ ಹೋದೆ. ಆಗಲೇ ಕರೆಂಟು ಹೋಯಿತು. ಸುಡುಬೇಸಗೆ, ಚಪ್ಪರದ ಫ್ಯಾನೆಲ್ಲ ನಿಂತು ಬೀಗರು ಶಲ್ಯದಲ್ಲಿ ಬೀಸಿಕೊಳ್ಳತೊಡಗಿದರು. ಓಡಿಬಂದು ಡ್ರೋನನ್ನು ಕುರ್ಚಿಯ ಬೆನ್ನಿಗೆ ಕಟ್ಟಿ, ಅವರ ಕಡೆ ತಿರುಗಿಸಿ ಗುಂಡಿ ಒತ್ತಿದೆ. ಎಂಥಾ ತಂಗಾಳಿ ಅಂತೀರಿ. ಕುಂಕುಮದ ಭಾರಕ್ಕೆ ಕುರ್ಚಿ ಸಮೇತ ಅತ್ತಿತ್ತ ಆಡುತ್ತಾ, ಬೀಗರಿಗೊಮ್ಮೆ, ಬೀಗಿತ್ತಿಗೊಮ್ಮೆ ತಪ್ಪದೆ ಬೀಸಿತು. ಇದನ್ನು ಮಾಡಿದ್ದೇ ಬೀಗರ ಉಪಚಾರಕ್ಕೆ ಅಂದೆ. ಅವರು ಕಣ್ಣು ಮುಚ್ಚಿಕೊಂಡೇ, ಮದುವೆಗೆ ಇನ್ನೊಂದು ಮಾಡಿಸಿ ಬಾವಾ ಅಂದರು.

ಮಾವಿನಾಣೆಗೂ ಎಲ್ಲ ನಿಜ. ಒಂದು ಸಣ್ಣ ವಿಷಯ ಮಾತ್ರ ಕಟ್ಟಿದ್ದು. ಕರೆಂಟು ಹೋಗಿರಲಿಲ್ಲ. ಫ್ಯೂಸು ನನ್ನ ಅಂಗಿ ಜೇಬಿನಲ್ಲಿತ್ತು.