ಟಕ್ಕೆನ್ನುವ ರೊಟ್ಟಿ

ಓದದೆ ಸಹಿ ಹಾಕಬಾರದೆಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದವನು ನಾನು. ಓದದೆ ಫಾರ್ವರ್ಡ್ ಮಾಡಬಾರದೆಂದು ನನಗೆ ಮಾತ್ರ ಯಾರೂ ಹೇಳಲಿಲ್ಲ. ವಾಟ್ಸಾಪಿಗೆ ಬಂದದ್ದನ್ನೆಲ್ಲ ಚಹಾ ಆರುವುದರೊಳಗೆ ಆಚೆ ದಾಟಿಸುವುದು ನಿವೃತ್ತಿಯ ನಂತರ ನನಗಂಟಿದ ಚಟ. ಬಿಪಿ ಗುಳಿಗೆ ಮರೆತರೂ ಇದನ್ನು ಮರೆಯುವುದಿಲ್ಲ.

ಹಾಗೆ ದಾಟಿಸಿದವುಗಳಲ್ಲಿ ರೊಟ್ಟಿಯದೂ ಒಂದು. ‘ಪ್ಲಾಸ್ಟಿಕ್ ಬೆರೆಸಿದ ಹಿಟ್ಟು ಬಂದಿದೆ, ಎಚ್ಚರ! ರೊಟ್ಟಿ ಮುರಿದಾಗ ಟಕ್ಕೆಂದರೆ, ತಿಂಗಳಿಟ್ಟರೂ ಕೆಡದಿದ್ದರೆ ಅದು ಪ್ಲಾಸ್ಟಿಕ್ಕೇ.’ ಖಡಕ್ ರೊಟ್ಟಿ ಇರುವುದೇ ಟಕ್ಕೆನ್ನಲು, ತಿಂಗಳುಗಟ್ಟಲೆ ಬಾಳಲು. ನಮ್ಮ ಬೆಟಗೇರಿಯಲ್ಲಿ ಹಲ್ಲು ಬಂದ ಕೂಸಿಗೂ ಇದು ಗೊತ್ತು. ಆದರೂ ನಾನು ಮುಂಡರಗಿಯ ತಮ್ಮನಿಗೆ ಕಳಿಸಿದೆ, ಅವನು ಲಕ್ಷ್ಮೇಶ್ವರದ ಬೀಗರಿಗೆ, ಅವರು ಸಿಕ್ಕಸಿಕ್ಕವರಿಗೆ. ಎಂಟು ದಿನಕ್ಕೆ ಅದು ನನ್ನಲ್ಲಿಗೇ ತಿರುಗಿ ಬಂತು, ‘ಬೆಟಗೇರಿಯ ನಿವೃತ್ತ ವಿಜ್ಞಾನಿಯೊಬ್ಬರು ಖಚಿತಪಡಿಸಿದ್ದಾರೆ’ ಎಂಬ ಬಾಲ ಹಚ್ಚಿಕೊಂಡು. ನಮ್ಮೂರಲ್ಲಿ ಅಷ್ಟು ದೊಡ್ಡವರು ಯಾರಿದ್ದಾರೆಂದು ಹೆಂಡತಿಯನ್ನು ಕೇಳಿದೆ. ಅವಳು ನನ್ನನ್ನೇ ನೋಡಿದಳು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದವನು.

ಅಂದೇ ಓಣಿಯ ಶಾಂತವ್ವ ಬಂದಳು. ರೊಟ್ಟಿ ಬಡಿದು ಮಾರಿಯೇ ಮನೆ ನಡೆಸುವವಳು.

"ಸರ್ರ, ಶಿಗ್ಲಿ ಊರಾಗಿನ ಮದವಿ ಮನ್ಯಾವ್ರು ನಿನ್ನ ರೊಟ್ಟಿ ಬ್ಯಾಡ ಅಂದ್ರು. ಓಣ್ಯಾಗೂ ಯಾರೂ ಒಯ್ಯವಲ್ರು. ಒಲಿ ಹಚ್ಚಲಾರದ ನಾಕ್ ದಿನ ಆತು. ನೀವು ಸೈನ್ಸ್ ಕಲಿಸಿದವ್ರು, ಏನಾರ ಮಾಡ್ರಿ."

ನಾಚಿಕೆಯಾಗಿ ನೆಲ ನೋಡಿದೆ. "ಅದನ್ನ ಕಳಿಸಿದಾವ ನಾನ ಶಾಂತವ್ವ" ಎಂದೆ.

ಬೈಯುತ್ತಾಳೆಂದುಕೊಂಡಿದ್ದೆ. ಅವಳು, "ಹಂಗಾರ ದಿನಾ ಸಂಜಿಮುಂದ ನಮ್ಮ ಕಟ್ಟಿ ಮ್ಯಾಲ ಕುಂತು ರೊಟ್ಟಿ ತಿನ್ರಿ. ಮಂದಿ ನೋಡ್ಲಿ" ಎಂದಳು.

ತಿಂದೆ. ಶೇಂಗಾ ಚಟ್ನಿ ಹಚ್ಚಿಕೊಂಡು, ಹೋಗಿಬರುವವರಿಗೆಲ್ಲ ಕೇಳುವಂತೆ ಮುರಿದು ಮುರಿದು ಎರಡು ವಾರ ತಿಂದೆ. ಒಬ್ಬೊಬ್ಬರಾಗಿ ರೊಟ್ಟಿ ಒಯ್ಯತೊಡಗಿದರು. ಶಾಂತವ್ವನ ಒಲೆ ಮತ್ತೆ ಹೊತ್ತಿತು. ಕೊನೆಗೂ ವಿಜ್ಞಾನ ಗೆದ್ದಿತೆಂದು ನಾನು ಬೀಗಿದ್ದೇ ಬೀಗಿದ್ದು.

ನಿನ್ನೆ ತಮ್ಮ ಒಂದು ಫೋಟೊ ಕಳಿಸಿದ. ಕಟ್ಟೆಯ ಮೇಲೆ ರೊಟ್ಟಿ ಹಿಡಿದು ಕೂತ ನಾನು. ಕೆಳಗೆ, ‘ಪ್ಲಾಸ್ಟಿಕ್ ರೊಟ್ಟಿ ತಿಂದು ಎರಡೇ ವಾರದಲ್ಲಿ ಈ ಗತಿಗೆ ಬಂದ ಮುದುಕ. ಎಲ್ಲರಿಗೂ ತಲುಪಿಸಿ.’ ಅದರ ಕೆಳಗೆ ತಮ್ಮನ ಪ್ರಶ್ನೆ: ‘ಅಣ್ಣಾ, ಇದು ಖರೇನ?’

ಮೈಯೆಲ್ಲ ಉರಿದುಹೋಯಿತು. ಶುದ್ಧ ಸುಳ್ಳೆಂದು ಬರೆಯಲು ಹೊರಟೆ. ಬರೆಯುವ ಮೊದಲು ಮಾತ್ರ, ಎದ್ದು ಹೋಗಿ ಒಮ್ಮೆ ಕನ್ನಡಿ ನೋಡಿಕೊಂಡೆ.