ಕಾಯಿಲೆಗೊಂದು ಕೊರಿಯಾ ಸೀರಿಯಲ್ಲು

ನನಗಾಗ ಎಪ್ಪತ್ತೊಂದು. ಮೂರು ವರ್ಷದ ಹಿಂದಿನ ಮಾತು. ನನ್ನ ಓರಗಿತ್ತಿಗೆ ಹುಚ್ಚು ಹಿಡಿದಿದೆ ಎಂದು ರಾಜಾಜಿನಗರದ ನಮ್ಮ ಬೀದಿಯೆಲ್ಲ ಹೇಳುತ್ತಿತ್ತು. ನಾನು ಒಪ್ಪುತ್ತಿರಲಿಲ್ಲ. ಹುಚ್ಚರಿಗಾದರೂ ನಡುನಡುವೆ ಬಿಡುವಿರುತ್ತದೆ!

ನಮ್ಮ ಗಂಡಂದಿರು, ಅಣ್ಣತಮ್ಮಂದಿರಿಬ್ಬರೂ, ತೀರಿಕೊಂಡ ಮೇಲೆ ಒಂದೇ ಮನೆಯಲ್ಲಿ ಕೆಳಗೆ ನಾನು, ಮಹಡಿಯಲ್ಲಿ ಅವಳು. ಫೋನಿನಲ್ಲಿ ಕೊರಿಯಾ, ಚೀನಾ, ಜಪಾನಿನ ಸೀರಿಯಲ್ಲು ನೋಡುವುದೇ ಅವಳ ಕೆಲಸ. ನೋಡಿಕೊಳ್ಳಲಿ, ಯಾರು ಬೇಡ ಎಂದರು? ಆದರೆ ಅವಳು ಅವನ್ನು ಊರಿಗೆಲ್ಲ ಕಷಾಯದಂತೆ ಕುಡಿಸುತ್ತಿದ್ದಳು. ನಿಮಗೆ ಯಾವುದು ಇಷ್ಟ ಎಂದು ಕೇಳುವವಳಲ್ಲ. ಏನು ನೋವು ಎಂದು ಕೇಳುವವಳು. ಹೇಳಿದರೆ ಅದೇ ನೋವಿರುವ ಸೀರಿಯಲ್ಲು. ಅದು ಮುಗಿದರೆ ಅದೇ ನೋವಿನ ಇನ್ನೊಂದು, ಬೇರೆ ದೇಶದ್ದು.

ಎದುರುಮನೆಯ ಸೊಸೆ ಅತ್ತೆಯ ಕಾಟ ಹೇಳಿಕೊಂಡು ಅತ್ತಳು.

"ಅಳಬೇಡ ಕಣಮ್ಮ. ಕೊರಿಯಾದ್ದು ಒಂದಿದೆ, ಅತ್ತೆ ಸೊಸೆ ಸೇರಿ ಹೋಟೆಲ್ ನಡೆಸ್ತಾರೆ. ಅದು ಮುಗಿಸು, ಆಮೇಲೆ ಚೀನಾದ್ದು ಹೇಳ್ತೀನಿ. ಅಲ್ಲಿ ಅತ್ತೆ ಇನ್ನೂ ಜೋರು."

ಸೊಸೆ ನೋಡಿದಳು. ಅವಳ ಬೆನ್ನ ಹಿಂದೆ ನಿಂತು ಅತ್ತೆಯೂ ನೋಡಿದಳು. ಕೊನೆಗೆ ಇಬ್ಬರೂ ಒಟ್ಟಾಗಿ ನಮ್ಮ ಮಹಡಿ ಹತ್ತಿದರು, ಜಗಳಕ್ಕೆ! ಸೀರಿಯಲ್ಲಿನ ಅತ್ತೆಯನ್ನು ಕೊನೆಯಲ್ಲಿ ಸಾಯಿಸಿದ್ದು ತಪ್ಪಂತೆ. ಕಥೆ ಬರೆದವಳು ಇವಳೇ ಏನು?

ಸಿಲಿಂಡರ್ ತರುವವನನ್ನೂ ಬಿಡಲಿಲ್ಲ. ಯಾಕಪ್ಪ ಮುಖ ಬಾಡಿದೆ ಎಂದಳು. ಹುಡುಗಿ ಒಲ್ಲೆ ಅಂದಳಂತೆ. ಅವನಿಗೊಂದು ಜಪಾನಿನದು ಹೇಳಿ ಕಳಿಸಿದಳು. ಮುಂದಿನ ಸಲ ಸಿಲಿಂಡರ್ ಇಳಿಸುವ ಮೊದಲೇ ಕೂಗಿದ:

"ಏನಾಂಟಿ, ಪೂರ್ತಿ ನೋಡ್ದೆ. ಕೊನೇವರೆಗೂ ಅವರಿಬ್ರೂ ಕೈ ಕೂಡ ಹಿಡ್ಕೊಳಲ್ಲ!"

"ಅಷ್ಟು ತಾಳ್ಮೆ ನಿನಗೂ ಬರ್ಲಿ ಅಂತಾನೇ ಹೇಳಿದ್ದು ಕಣಪ್ಪ."

ನನಗೆ ಮಂಡಿನೋವು. ಅದಕ್ಕೂ ಒಂದಿತ್ತು. ಅಜ್ಜಿಯೊಬ್ಬಳು ದಿನಾ ಬೆಟ್ಟದ ಮೆಟ್ಟಿಲು ಹತ್ತುವ ಕೊರಿಯಾದ್ದು. ಅವರ ಮಾತು ನನಗೆ ತಿಳಿಯದು, ಕೆಳಗೆ ಓಡುವ ಇಂಗ್ಲಿಷ್ ಅಕ್ಷರವೂ ತಿಳಿಯದು. ಕನ್ನಡವನ್ನೇ ನಾನು ಕೂಡಿಸಿ ಕೂಡಿಸಿ ಓದುವವಳು. ಪಿಯುಸಿ ಓದಿದ ಅವಳು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಿದ್ದಳು. ಮಂಡಿಯೇನೂ ವಾಸಿಯಾಗಲಿಲ್ಲ. ಆದರೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಅಜ್ಜಿ ಮಗಳ ಮನೆ ಬಾಗಿಲಲ್ಲಿ ಊಟದ ಡಬ್ಬಿ ಇಟ್ಟು, ಬೆಲ್ ಒತ್ತದೆ ಓಡಿಹೋದಳು. ಆಮೇಲೆ ಕೊಟ್ಟ ಚೀನಾದ್ದರಲ್ಲಿ ತಾಯಿಯೊಬ್ಬಳು ಹಾಗೇ ಕಡುಬು ಇಟ್ಟು ಹೋದಳು. ಜಪಾನಿನದರಲ್ಲೂ ಅದೇ. ಎದುರುಮನೆಯವಳನ್ನು ಕೇಳಿದೆ. ಅತ್ತೆ ಕಾಟದ್ದರಲ್ಲೂ ಡಬ್ಬಿ ಇತ್ತಂತೆ!

ಆ ಜಾಗ ಬಂದಾಗಲೆಲ್ಲ ಇವಳ ಬಾಯಿ ನಿಲ್ಲುತ್ತಿತ್ತು.

"ಏನ್ ಬರೆದಿದೆ, ಓದೇ."

"ಏನೂ ಇಲ್ಲ ಅಕ್ಕ. ಸುಮ್ನೆ ನಿಂತಿದಾಳೆ."

ಅಕ್ಷರ ಓದಲು ಬಾರದಿದ್ದರೂ, ಅಕ್ಷರ ಇದೆಯೋ ಇಲ್ಲವೋ ಕಾಣುವಷ್ಟು ಕಣ್ಣು ನನಗಿತ್ತು. ಫೋನು ಕಿತ್ತುಕೊಂಡು ಕೇಳಿದೆ.

"ನಿನ್ನ ಸೀರಿಯಲ್ಲಿನ ತಾಯಂದಿರೆಲ್ಲ ಡಬ್ಬಿ ಇಟ್ಟು ಓಡೋದ್ಯಾಕೆ? ನೀನೂ ಇಟ್ಟು ಬಂದಿದೀಯೇನೇ?"

ಅವಳಿಗೆ ಒಬ್ಬಳೇ ಮಗಳು. ಬೇರೆ ಜಾತಿಯ ಹುಡುಗನನ್ನು ಮದುವೆಯಾದಾಗ, ನನ್ನ ಹೊಸಲು ತುಳಿಯಬೇಡ ಎಂದು ಇವಳೇ ಬೀದಿಗೆ ಕೇಳುವಂತೆ ಕೂಗಿದ್ದಳು. ಹುಡುಗಿ ಇದೇ ಬೆಂಗಳೂರಿನ ಉಲ್ಲಾಳದಲ್ಲಿ ಮನೆ ಮಾಡಿತು. ಮತ್ತೆ ಈ ಕಡೆ ಬರಲಿಲ್ಲ, ಫೋನೂ ಇಲ್ಲ.

"ಹೋದ ವರ್ಷ ಅವಳ ಹುಟ್ಟಿದಬ್ಬಕ್ಕೆ ಪುಳಿಯೋಗರೆ ಮಾಡಿ ಗೇಟಿಗೆ ತಗಲಾಕಿ ಬಂದೆ ಅಕ್ಕ," ಎಂದಳು.

"ಬೆಲ್ ಒತ್ತೋಕೇನಾಗಿತ್ತು?"

"ಬಾಗಿಲು ತೆಗೆದ್ರೆ ಏನಂತ ಮಾತಾಡ್ಲಿ? ಮುಚ್ಚಳದ ಮೇಲೆ ನನ್ನ ಹೆಸರು ಕೆತ್ತಿಸಿದೀನಿ. ಯಾರಿಟ್ಟಿದ್ದು ಅಂತ ಅವಳಿಗೆ ಗೊತ್ತಾಗಿರುತ್ತೆ. ಬೇಕು ಅಂದಿದ್ರೆ ಡಬ್ಬಿ ಕೊಡೋ ನೆಪದಲ್ಲಾದ್ರೂ ಬರ್ತಿದ್ಲು. ಬರ್ಲಿಲ್ಲ."

"ಬರೋಕೆ ಹೊಸಲು ಬಿಟ್ಟಿದೀಯಾ ನೀನು?"

ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. ನಾನು ಸಮಾಧಾನ ಮಾಡಲಿಲ್ಲ. ಅದು ನನಗೆ ಬರುವುದಿಲ್ಲ. ನಾಳೆ ಪುಳಿಯೋಗರೆ ಮಾಡು ಎಂದಷ್ಟೇ ಹೇಳಿ ಕೆಳಗಿಳಿದೆ.

ಮಾರನೆಯ ಬೆಳಿಗ್ಗೆ ವಿಜಯನಗರದಲ್ಲಿ ಬಸ್ಸು ಬದಲಿಸಿ ಇಬ್ಬರೂ ಉಲ್ಲಾಳಕ್ಕೆ ಹೋದೆವು. ಅವಳು ಡಬ್ಬಿಯ ಚೀಲವನ್ನು ಗೇಟಿಗೆ ಸಿಕ್ಕಿಸಿ, ಥೇಟ್ ಕೊರಿಯಾದವಳ ಹಾಗೆ ತಿರುಗಿ ಹೊರಟಳು. ನಾನು ಅವಳ ಸೆರಗು ಹಿಡಿದುಕೊಂಡು ಬೆಲ್ ಒತ್ತಿದೆ. ಬಿಡದೆ ಒತ್ತಿದೆ.

ಹುಡುಗಿ ಬಾಗಿಲು ತೆರೆದಳು. ನನ್ನನ್ನು ನೋಡಿ "ದೊಡ್ಡಮ್ಮ" ಎಂದಳು. ತಾಯಿಯನ್ನು ನೋಡಿದಳು, ತಿರುಗಿ ಒಳಗೆ ಹೋದಳು. ಓರಗಿತ್ತಿ ಸೆರಗು ಬಿಡಿಸಿಕೊಳ್ಳಲು ಎಳೆದಳು, ನಾನು ಬಿಡಲಿಲ್ಲ. ಹುಡುಗಿ ಹಿಂತಿರುಗಿದಾಗ ಕೈಯಲ್ಲಿ ಹೋದ ವರ್ಷದ ಡಬ್ಬಿ ಇತ್ತು.

"ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ನೀನೇ ಹೇಳ್ತಿದ್ದೆ ಅಲ್ವಾಮ್ಮ?"

ತೆಗೆದು ನೋಡಿದೆ. ಒಳಗೆ ಸಕ್ಕರೆ. ಎಷ್ಟು ದಿನದಿಂದ ತುಂಬಿಟ್ಟು ಕಾದಿದ್ದಳೋ, ಕಲ್ಲಿನಂತೆ ಗಟ್ಟಿಯಾಗಿತ್ತು. ಅಳುವವರು ಅತ್ತುಕೊಳ್ಳಲಿ ಎಂದು ನಾನು ಸೀದಾ ಅಡುಗೆಮನೆಗೆ ಹೋಗಿ, ಕಾಫಿಗೆ ನೀರಿಟ್ಟು, ಚಮಚದಿಂದ ಆ ಸಕ್ಕರೆಯನ್ನು ಕೆರೆಯುತ್ತಾ ನಿಂತೆ.